ಗೋಧಿ ಒಗ್ಗದ ಕೂಸಿಗೆ ಜೋಳದ ರೊಟ್ಟಿ

ನಮ್ಮ ಜಕ್ಕಲಿಯ ಎರೆಹೊಲಗಳಲ್ಲಿ ಜೋಳ, ಗೋಧಿ ಎರಡೂ ಬೆಳೆಯುತ್ತವೆ. ಆದರೆ ದಿನದ ಊಟಕ್ಕೆ ರೊಟ್ಟಿಯೇ. ಗೋಧಿ ಹೆಚ್ಚಾಗಿ ಹೋಳಿಗೆ, ಮಾದಲಿಗೆ. ದಿಲ್ಲಿಯಲ್ಲಿ ಬೆಳೆಯುತ್ತಿರುವ ಅಕ್ಕನ ಮಗಳಿಗೆ ಸೀಲಿಯಾಕ್ ಕಾಯಿಲೆ ಪತ್ತೆಯಾದಾಗ ಅವ್ವ ಕೇಳಿದಳು: ‘ನಮ್ಮ ವಂಶದಾಗ ಯಾರಿಗೂ ಇಲ್ಲದ್ದು ಈ ಕೂಸಿಗೆ ಹ್ಯಾಂಗ ಬಂತು?’

ಗೋಧಿ, ಬಾರ್ಲಿಗಳ ಗ್ಲೂಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ಈ ರೋಗಿಗಳ ದೇಹ ತನ್ನದೇ ಸಣ್ಣ ಕರುಳಿಗೆ ಹಾನಿ ಮಾಡಿಕೊಳ್ಳುತ್ತದೆ. ಭೇದಿ, ರಕ್ತಹೀನತೆ, ಮಗುವಿನ ಬೆಳವಣಿಗೆ ಕುಂಠಿತ.

2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಉತ್ತರ ಭಾರತದಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ, ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಸುಮಾರು ಒಬ್ಬರಿಗೆ ಈ ಕಾಯಿಲೆಯಿದೆ. ಇದಕ್ಕೆ ಬೇಕಾದ ಡಿಕ್ಯು2, ಡಿಕ್ಯು8 ಎಂಬ ವಂಶವಾಹಿಗಳು ಮಾತ್ರ ಎರಡೂ ಕಡೆ ಸುಮಾರು ಮೂವರಲ್ಲಿ ಒಬ್ಬರಿಗಿವೆ! ದೊಡ್ಡ ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ: ಅಲ್ಲಿ ದಿನಕ್ಕೆ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ಹಾಗೆಂದು ಗೋಧಿ ತಿಂದವರಿಗೆಲ್ಲ ಇದು ಬರುವುದಿಲ್ಲ.

ಜೋಳ, ಸಜ್ಜೆ, ನವಣೆಗಳಲ್ಲಿ ಈ ಗ್ಲೂಟೆನ್ ಇಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಹಿಟ್ಟು ಬೆರೆಯುತ್ತದೆ. ಅವಳು ರಜೆಗೆ ಬಂದಾಗ ಅವ್ವ ಬೀಸುಕಲ್ಲು ತೊಳೆದಿಡುತ್ತಾಳೆ.

ಅನುಮಾನ ಬಂದರೆ ನೀವಾಗಿಯೇ ಗೋಧಿ ಬಿಡಿಸಬೇಡಿ. ಮೊದಲು ರಕ್ತಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಪರೀಕ್ಷೆಯಲ್ಲಿ ರೋಗ ಕಾಣದೇ ಹೋಗಬಹುದು.