ಗುರುವಿನ ಪುಣ್ಯತಿಥಿ, ಶಿಷ್ಯರ ಸಭೆ

ಹುಬ್ಬಳ್ಳಿ-ಧಾರವಾಡ ಪರಿಸರದಲ್ಲಿ ಹಿಂದೂಸ್ತಾನಿ ಸಂಗೀತ ಬೇರೂರಿದ ಬಗೆಯನ್ನು ವಿವರಿಸುವಾಗ ದೊಡ್ಡ ಗಾಯಕರ ಹೆಸರುಗಳನ್ನೂ ಅವರ ಘರಾಣೆಗಳನ್ನೂ, ಅಂದರೆ ಗುರುಶಿಷ್ಯ ಪರಂಪರೆಯಲ್ಲಿ ಬೆಳೆದುಬಂದ ಗಾಯನಶೈಲಿಗಳನ್ನೂ, ನೆನೆಯುವುದು ರೂಢಿಯಾಗಿದೆ. ಆದರೆ ಅವರು ಹಾಡಲು ಕುಳಿತ ಜಮಖಾನೆಯನ್ನು ಹಾಸಿದವರು ಯಾರು, ಕೇಳುಗರನ್ನು ಕೂಡಿಸಿದವರು ಯಾರು, ಖರ್ಚಿನ ಹೊರೆ ಹೊತ್ತವರು ಯಾರು ಎಂಬುದರ ಕಡೆಗೆ ಅಷ್ಟು ಲಕ್ಷ್ಯ ಹರಿದಿಲ್ಲ. ಅನೇಕ ಸಲ ಆ ಕೆಲಸವನ್ನು ಮಾಡಿದವರು ಸಂಗೀತಗಾರರೇ. ಅರಮನೆಯ ಆಶ್ರಯಕ್ಕೂ ಟಿಕೆಟ್ಟಿನ ವ್ಯಾಪಾರಕ್ಕೂ ಹೊರತಾದ ಈ ವ್ಯವಸ್ಥೆಗೆ ಇಲ್ಲಿ ದೊರೆತ ಸಹಜ ರೂಪವೆಂದರೆ ಗುರುವಿನ ಪುಣ್ಯತಿಥಿ. ತೀರಿಕೊಂಡ ಗುರುವಿನ ದಿನದಂದು ಶಿಷ್ಯರು ಸೇರಿ, ಊರಿನವರನ್ನು ಕೂಡಿಸಿ, ಹಾಡಿನ ಮೂಲಕ ಸೇವೆ ಸಲ್ಲಿಸುವ ಪದ್ಧತಿ ಅದು.

ಇದರ ತೌರು ಹುಬ್ಬಳ್ಳಿಗೆ ಸಮೀಪದ ಕುಂದಗೋಳ. 1886ರಲ್ಲಿ ಹುಟ್ಟಿ, ಅಬ್ದುಲ್ ಕರೀಂ ಖಾನರಲ್ಲಿ ಕಿರಾಣಾ ಘರಾಣೆಯ ವಿದ್ಯೆ ಪಡೆದು, ‘ಸವಾಯಿ ಗಂಧರ್ವ’ರೆಂದು ಹೆಸರಾದ ರಾಮಭಾವು ಕುಂದಗೋಳಕರ ಅವರು ನೆಲೆಸಿ ವಿದ್ಯಾದಾನ ಮಾಡಿದ್ದು ಈ ಊರಿನಲ್ಲಿ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಮುಗಿಸಿಕೊಂಡು ಮರಳುತ್ತಿದ್ದರು. ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲಿಯೇ ಇದ್ದು, ನೀರು ಹೊರುವಂತಹ ಕೆಲಸಗಳನ್ನೂ ಮಾಡುತ್ತ ಕಲಿತರು. 1952ರ ಸೆಪ್ಟೆಂಬರ್ 12ರಂದು ಗುರು ತೀರಿಕೊಂಡ ಮೇಲೆ ಅವರ ಹೆಸರಿನ ಸಂಗೀತೋತ್ಸವಕ್ಕೆ ಕುಂದಗೋಳದ ನಾಡಿಗೇರ ಮನೆತನದ ವಾಡೆ ನೆಲೆಯಾಯಿತು. ಜಾಗ ಆ ಮನೆತನದ್ದು, ಹಾಡು ಶಿಷ್ಯರದು, ಕಿವಿ ಸುತ್ತಲಿನ ಹಳ್ಳಿಗಳದ್ದು ಎಂಬ ಈ ಹಂಚಿಕೆಯಲ್ಲಿ ಯಾರೊಬ್ಬರೂ ಮತ್ತೊಬ್ಬರ ಕೈಕೆಳಗಿನವರಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು.

ಅದೇ ಗುರುಋಣ ಪುಣೆಯಲ್ಲಿ ಬೇರೆಯೇ ಗಾತ್ರವನ್ನು ತಳೆಯಿತು. 1953ರಲ್ಲಿ ಭೀಮಸೇನ ಜೋಶಿಯವರು ಆರಂಭಿಸಿ ದಶಕಗಳ ಕಾಲ ತಾವೇ ಮುಂದೆ ನಿಂತು ನಡೆಸಿದ ಸವಾಯಿ ಗಂಧರ್ವ ಮಹೋತ್ಸವ ಸಾವಿರಾರು ಜನ ಸೇರುವ ಸಮ್ಮೇಳನವಾಗಿ ಬೆಳೆದು, ಇಂದು ಗುರುವಿನ ಹೆಸರಿನ ಜೊತೆಗೆ ಶಿಷ್ಯನ ಹೆಸರನ್ನೂ ಹೊತ್ತಿದೆ. ಧಾರವಾಡದಲ್ಲಿ ಈ ಪರಂಪರೆಯನ್ನು ವಾದ್ಯಸಂಗೀತಕ್ಕೆ ಒಗ್ಗಿಸಿದವರು, ಬಂದೇ ಅಲಿ ಖಾನರ ಶಿಷ್ಯರಾಗಿ ಈ ಊರಿಗೆ ಬಂದು ನೆಲೆಸಿದ ಸಿತಾರ್ ರತ್ನ ರಹಿಮತ್ ಖಾನರ ಮನೆತನದವರು. ಮೊಮ್ಮಗ ಉಸ್ತಾದ್ ಬಾಲೇ ಖಾನ್ (1942–2007) ಮತ್ತು ಅವರ ಬಳಗದವರು ಸಿತಾರ್ ರತ್ನ ಸಮಿತಿಯ ಮೂಲಕ ಅಜ್ಜನ ಸ್ಮರಣೆಯ ಸಂಗೀತ ಸಭೆಗಳನ್ನು ನಡೆಸಿಕೊಂಡು ಬಂದರು.

ಸಂಗೀತಗಾರರು ತಾವೇ ಸಭೆ ಕಟ್ಟಿದ ನಿದರ್ಶನಗಳು ಬೇರೆಡೆಯೂ ಉಂಟು. 1965ರಲ್ಲಿ ಶಿಕಾಗೋದ ಕಪ್ಪು ಜನಾಂಗದ ಸಂಗೀತಗಾರರು ಸ್ವಂತ ರಚನೆಗಳಿಗೆ ವೇದಿಕೆ ಬೇಕೆಂದು ಸಂಘ ಕಟ್ಟಿಕೊಂಡರು. 2015ರಲ್ಲಿ ಗಾಯಕ ಟಿ.ಎಂ. ಕೃಷ್ಣ ಮತ್ತು ಸಂಗಡಿಗರು ಚೆನ್ನೈನ ಊರೂರು ಆಲ್ಕಾಟ್ ಕುಪ್ಪಂ ಎಂಬ ಮೀನುಗಾರರ ಕೇರಿಗೆ ಸಂಗೀತೋತ್ಸವವನ್ನು ಕೊಂಡೊಯ್ದರು. ಅಲ್ಲಿ ಮುಚ್ಚಿದ ಬಾಗಿಲುಗಳ ಕುರಿತ ಅಸಮಾಧಾನ ಪ್ರೇರಣೆಯಾಗಿದ್ದರೆ, ಇಲ್ಲಿ ತೀರಿಸಬೇಕಾದ ಋಣ ಪ್ರೇರಣೆಯಾಯಿತು.

ಹಾಡುವವರೇ ಕರೆದು ಕೂಡಿಸುವ ಸಭೆಯ ಹೆಚ್ಚುಗಾರಿಕೆ ಎಲ್ಲಕ್ಕಿಂತ ಸ್ಪಷ್ಟವಾಗಿ ತೋರುವುದು ಹೊತ್ತಿನ ವಿಷಯದಲ್ಲಿ. ಹಿಂದೂಸ್ತಾನಿ ಪದ್ಧತಿಯು ಹಗಲಿರುಳನ್ನು ಮೂರು ಗಂಟೆಯ ಎಂಟು ಪ್ರಹರಗಳಾಗಿ ವಿಂಗಡಿಸಿ ಬಹುಪಾಲು ರಾಗಗಳಿಗೆ ಅವುಗಳದೇ ಹೊತ್ತನ್ನು ಗೊತ್ತುಮಾಡಿದೆ. ಸಂಜೆ ಆರಕ್ಕೆ ತೊಡಗಿ ಒಂಬತ್ತಕ್ಕೆ ಮುಗಿಯುವ ಸಭಾಭವನದ ಕಾರ್ಯಕ್ರಮದಲ್ಲಿ ಮಾರವಾ, ಪೂರಿಯಾ, ಯಮನ್ ಕೇಳಿಸಿದರೂ ನಡುರಾತ್ರಿಯ ಮಾಲಕಂಸ, ನಸುಕಿನ ಲಲಿತ, ಬೆಳಗಿನ ಭೈರವ ಮತ್ತು ತೋಡಿಗಳಿಗೆ ಅವಕಾಶವೇ ಇರುವುದಿಲ್ಲ. ಸಂಗೀತಗಾರರೇ ಕೂಡಿಸಿ ಇರುಳಿಡೀ ನಡೆಸುವ ಅಹೋರಾತ್ರಿ ಸಭೆಯಲ್ಲಾದರೋ ರಾಗಗಳು ತಮ್ಮ ತಮ್ಮ ಹೊತ್ತಿಗೆ ಬರುತ್ತವೆ, ವಿಳಂಬಿತ ಖ್ಯಾಲು, ಅಂದರೆ ನಿಧಾನ ಗತಿಯ ರಾಗವಿಸ್ತಾರ, ಗಡಿಯಾರಕ್ಕೆ ಅಂಜದೆ ಬೆಳೆಯುತ್ತದೆ. ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ಶಬ್ದಮಾಲಿನ್ಯ ನಿಯಮಗಳು ಇಂತಹ ಸಭೆಗಳಿಗೆ ದೊಡ್ಡ ತೊಡಕಾಗಿವೆ. ವರ್ಷಕ್ಕೆ ಗರಿಷ್ಠ 15 ದಿನ ನಡುರಾತ್ರಿಯವರೆಗೆ ವಿನಾಯಿತಿ ಕೊಡಲು ಸರಕಾರಕ್ಕೆ ಅಧಿಕಾರವಿದೆಯಾದರೂ ಲಲಿತದ ಹೊತ್ತನ್ನು ಆ ವಿನಾಯಿತಿ ಮುಟ್ಟುವುದಿಲ್ಲ. ನಿದ್ದೆಯ ಹಕ್ಕು ನ್ಯಾಯವಾದದ್ದೇ. ಆದ್ದರಿಂದ ಧ್ವನಿವರ್ಧಕವಿಲ್ಲದೆ ಐವತ್ತು-ನೂರು ಜನ ಎದುರುಬದುರು ಕುಳಿತು ಕೇಳುವ ಬೈಠಕ್ ಮತ್ತೆ ಬಳಕೆಗೆ ಬರುವುದೇ ಸರಿಯಾದ ಮಾರ್ಗವೆನ್ನಬೇಕು. ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳ ಪಡಸಾಲೆಗಳೂ ಮಠಗಳ ಅಂಗಳಗಳೂ ಅದಕ್ಕೆ ಸಾಕಷ್ಟು ವಿಶಾಲವಾಗಿವೆ.

ಇಂತಹ ಸಭೆಗಳಲ್ಲಿ ಬಗೆಹರಿಯಬೇಕಾದ ಪ್ರಶ್ನೆಯೊಂದಿದೆ. ಗುರುವಿನ ಹೆಸರಿನಲ್ಲಿ ಮುಖ್ಯ ಗಾಯಕನು ಸಂಭಾವನೆ ಬಿಡುವುದು ಅವನ ಸಂತೋಷ. ಆದರೆ ತಬಲಾ, ಹಾರ್ಮೋನಿಯಂ ಸಾಥ್ ನೀಡುವವರು, ಅಂದರೆ ಜೊತೆಗೂಡಿ ನುಡಿಸುವವರು, ಒಬ್ಬರ ಹಿಂದೊಬ್ಬರಂತೆ ಬರುವ ಹಲವು ಗಾಯಕರಿಗಾಗಿ ಇರುಳೆಲ್ಲ ಕುಳಿತಿರಬೇಕಾಗುತ್ತದೆ, ಮತ್ತು ಅವರ ಜೀವನ ನಡೆಯುವುದೇ ಆ ದುಡಿಮೆಯಿಂದ. ಊರಿನವರು ಕೊಟ್ಟ ಹಣದಲ್ಲಿ ಪೆಂಡಾಲಿಗೂ ಹಾರ-ತುರಾಯಿಗೂ ಮೊದಲು ಅವರ ಪಾಲನ್ನು ತೆಗೆದಿರಿಸುವುದು ನ್ಯಾಯ, ಏಕೆಂದರೆ ಠೇಕಾ, ಅಂದರೆ ತಬಲಾದ ಮೇಲೆ ತಾಳದ ನಡೆ, ಹಿಡಿಯುವವನಿಲ್ಲದೆ ಖ್ಯಾಲು ನಡೆಯುವುದಿಲ್ಲ ಎಂಬುದು ಸಭೆ ಕರೆದ ಸಂಗೀತಗಾರನಿಗೆ ಮಿಕ್ಕವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.