ಬತ್ತೇರಿಯ ರಾತ್ರಿ, ಗುರು-ಲಘುವಿನ ಲೆಕ್ಕ

ಬಂಡೀಪುರದ ಕಾಡುದಾರಿಯಲ್ಲಿ 2009ರಿಂದ ರಾತ್ರಿ 9ರ ಮೇಲೆ ಲಾರಿ ಬಿಡುವುದಿಲ್ಲ. ಟೊಮೇಟೊ ಇಳಿಸುವಷ್ಟರಲ್ಲಿ ಹೊತ್ತು ಮೀರಿ, ವಯನಾಡಿನ ಸುಲ್ತಾನ್ ಬತ್ತೇರಿಯಲ್ಲೇ ಬೆಳಗಿನ 6ರವರೆಗೆ ಕೂರಬೇಕಾಯಿತು. ಜತೆಗೆ ಪ್ರೋಗ್ರಾಮರ್ ಕೆಲಸದ ನನ್ನ ಮಗ.

"ಕಂಪ್ಯೂಟರಿಗೆ ಗೊತ್ತಿರೋದು ಎರಡೇ ಅಪ್ಪಾ, ಸೊನ್ನೆ ಮತ್ತು ಒಂದು" ಎಂದ.

"ಛಂದಸ್ಸಿಗೂ ಎರಡೇ ಕಣೋ, ಲಘು ಮತ್ತು ಗುರು" ಎಂದೆ. ಮೂರಕ್ಷರಕ್ಕೆ ಎಂಟು ಗಣ. ಬಾಡಿಗೆ ಚೀಟಿಯ ಹಿಂದೆ ಬರೆದು ತೋರಿಸಿದೆ. "ಇದು ನಮ್ಮ ಲೆಕ್ಕವೇ!" ಎಂದು ಬೆರಗಾದ. ಪಿಂಗಳ ಸುಮಾರು ಎರಡು ಸಾವಿರ ವರ್ಷದ ಹಿಂದೆ ಹೇಳಿದ ಪ್ರಸ್ತಾರವಿದು. ವೆಂಗಿನಾಡು ಮೂಲದ ನಾಗವರ್ಮ ಸುಮಾರು 990ರಲ್ಲಿ 'ಛಂದೋಂಬುಧಿ' ಬರೆದು ಛಂದಶ್ಶಾಸ್ತ್ರವನ್ನು ಕನ್ನಡಕ್ಕೆ ತಂದ. ಹಾಗಂತ ನಮ್ಮ ಹಿರಿಯರು ಕಂಪ್ಯೂಟರ್ ಕಟ್ಟಿದ್ದರೆಂದು ಬೀಗಬೇಕಿಲ್ಲ. ಎಣಿಸುವ ಜಾಡು ಒಂದೇ, ಅಷ್ಟೆ.

ತೊಡಕೊಂದಿದೆ. ಬಟ್ಟಲಿನಾಕಾರದ ಗುರುತು ತೆಲುಗಿನಲ್ಲಿ ಗುರುವಿಗೆ, ಕನ್ನಡದಲ್ಲಿ ಲಘುವಿಗೆ! ತಾತ ಕಲಿಸಿದ ತೆಲುಗು ಗುರುತು ಹಾಕಿ ಎಸ್ಸೆಸ್ಸೆಲ್ಸಿಯ ಕನ್ನಡದಲ್ಲಿ ಅಂಕ ಕಳಕೊಂಡವ ನಾನು. ಅದನ್ನು ಯಾರಿಗೂ ಹೇಳಿರಲಿಲ್ಲ. ಅಂದು ಮಗನಿಗೆ ಹೇಳಿದೆ.

"ಯಾವ ಗುರುತು ಯಾವುದಕ್ಕೆ ಅಂತ ಮೊದಲೇ ಒಪ್ಪಿಕೊಳ್ಳಬೇಕಿತ್ತು ಅಪ್ಪಾ. ನಿನ್ನ ಲೆಕ್ಕ ತಪ್ಪಿರಲಿಲ್ಲ" ಎಂದ.

ನಲವತ್ತು ವರ್ಷದ ಉರಿ ತಣ್ಣಗಾಯಿತು. 6 ಗಂಟೆಗೆ ಗೇಟು ತೆಗೆದರು. ಚೀಟಿ ಮಗನ ಜೇಬಿನಲ್ಲಿತ್ತು.