ಕೆಜಿಎಫ್‌ನಲ್ಲಿ ಉಳಿದಿರುವ ರೋಮನ್ ಉಡುಪು

ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿರುವ ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚಿನಲ್ಲಿ ಭಾನುವಾರ ಪೂಜೆ ಸಲ್ಲಿಸುವ ಫಾದರ್ ಮೈಮೇಲೆ ಮುಖ್ಯವಾಗಿ ಮೂರು ಬಟ್ಟೆಗಳಿರುತ್ತವೆ. ಒಳಗೆ ಪಾದ ಮುಟ್ಟುವ ಬಿಳಿ ಆಲ್ಬ್, ಕೊರಳಿನಿಂದ ಇಳಿಬಿದ್ದ ಸ್ಟೋಲ್, ಎಲ್ಲದರ ಮೇಲೆ ಅಗಲವಾದ ಚಾಸುಬಲ್. ಇಲ್ಲಿನ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಬೆಳಗಿನ ರೈಲು ಹಿಡಿದು ಬಂಗಾರಪೇಟೆ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುವವರ ಊರು ಈಗಿದು. ಇಂಥ ಊರಿನಲ್ಲಿ ಸಾವಿರದ ಐನೂರು ವರ್ಷಕ್ಕೂ ಹಳೆಯದಾದ ರೋಮನ್ ಉಡುಪೊಂದು ವಾರವಾರವೂ ಬಳಕೆಯಲ್ಲಿದೆ ಎಂದರೆ ಹೆಚ್ಚಿನವರು ನಂಬಲಾರರು.

ಚಾಸುಬಲ್ ಮೂಲತಃ ಪೂಜೆಯ ಉಡುಪೇ ಅಲ್ಲ. ರೋಮನ್ನರು ಮಳೆ, ಚಳಿಗೆ ಹೊದೆಯುತ್ತಿದ್ದ ಪೇನುಲಾ ಅದು: ದಪ್ಪ ಉಣ್ಣೆ ಬಟ್ಟೆ, ನಡುವೆ ತಲೆ ತೂರಿಸಲು ಕಂಡಿ, ಬೇಕಿದ್ದರೆ ತಲೆ ಮುಚ್ಚಲು ಒಂದು ಮುಸುಕು. ನಮ್ಮ ರೈತರು ಜಡಿಮಳೆಯಲ್ಲಿ ಹಾಕಿಕೊಳ್ಳುವ ಕಂಬಳಿ ಕೊಪ್ಪೆಯನ್ನು ನೆನೆದರೆ ಸಾಕು. ದಾರಿಹೋಕರು, ಸಿಪಾಯಿಗಳು, ಕೂಲಿಯವರು ಎಲ್ಲರೂ ತೊಡುತ್ತಿದ್ದ ಈ ಹೊದಿಕೆಗೆ ಮರ್ಯಾದೆ ಬಂದದ್ದು ತಡವಾಗಿ. ಕಾನ್‌ಸ್ಟಾಂಟಿನೋಪಲ್ ನಗರದೊಳಗೆ ಸೆನೆಟರುಗಳು ಸೈನಿಕರ ಕ್ಲಾಮಿಸ್ ಹೊದೆದು ಓಡಾಡಬಾರದು, ಪೇನುಲಾದಂಥ ಸೌಮ್ಯ ಉಡುಪನ್ನೇ ತೊಡಬೇಕು ಎಂದು 382ರಲ್ಲಿ ರಾಜಾಜ್ಞೆ ಹೊರಟಿತು.

ಆಗ ಪಾದ್ರಿಗಳಿಗೆಂದು ಪ್ರತ್ಯೇಕ ವೇಷವೇ ಇರಲಿಲ್ಲ. ಗಾಲ್ ಪ್ರಾಂತ್ಯದ ಕೆಲವು ಬಿಷಪ್‌ಗಳು ವಿಶೇಷ ಉಡುಪು ಹಾಕತೊಡಗಿದಾಗ ಪೋಪ್ ಮೊದಲನೇ ಸೆಲೆಸ್ಟೀನ್ 428ರಲ್ಲಿ ಕಾಗದ ಬರೆದು ಆಕ್ಷೇಪಿಸಿದರು. ಜನ ನಮ್ಮನ್ನು ಬೋಧನೆಯಿಂದ ಗುರುತಿಸಬೇಕೇ ಹೊರತು ಬಟ್ಟೆಯಿಂದಲ್ಲ ಎಂಬುದು ಅವರ ನಿಲುವು. ಮುಂದೆ ಬದಲಾದದ್ದು ಜನರ ಉಡುಪು. ಉತ್ತರದಿಂದ ಬಂದವರ ಗಿಡ್ಡಂಗಿ, ಚಲ್ಲಣ ರೂಢಿಗೆ ಬಂದವು. ಚರ್ಚಿನವರು ಹಳೆಯದನ್ನೇ ಹಿಡಿದುಕೊಂಡು ಕೂತರು. ಇಟಲಿಯ ರಾವೆನ್ನಾದಲ್ಲಿ 547ರಲ್ಲಿ ಪ್ರತಿಷ್ಠೆಯಾದ ಸಾನ್ ವಿತಾಲೆ ಚರ್ಚಿನ ಮೊಸಾಯಿಕ್ ಚಿತ್ರದಲ್ಲಿ ಬೈಜಾಂಟೈನ್ ಚಕ್ರವರ್ತಿ ಜಸ್ಟೀನಿಯನ್ ನೇರಳೆ ಕ್ಲಾಮಿಸ್ ಹೊದೆದು ನಿಂತಿದ್ದಾನೆ. ಪಕ್ಕದಲ್ಲೇ ಆರ್ಚ್‌ಬಿಷಪ್ ಮ್ಯಾಕ್ಸಿಮಿಯನ್, ಚಾಸುಬಲ್ ತೊಟ್ಟು. ಚಕ್ರವರ್ತಿಯ ಉಡುಪು ಇಂದು ಯಾರ ಮೈಮೇಲೂ ಇಲ್ಲ. ಆರ್ಚ್‌ಬಿಷಪ್‌ನದು ಚಾಂಪಿಯನ್ ರೀಫ್ಸ್‌ವರೆಗೆ ಬಂದಿದೆ.

ಬಂದದ್ದು ಮಾತ್ರ ಸೊರಗಿದ ರೂಪದಲ್ಲಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟು, ಸೇಲಂ ಕಡೆಯ ಕೂಲಿಗಳು, ಕಾರ್ನ್‌ವಾಲ್‌ನ ಗಣಿಗಾರರು, ಇಟಲಿಯವರು ಕೂಡ ಇಲ್ಲಿಗೆ ಬಂದರು. ಮೈಸೂರು ಸೀಮೆಯ ಕ್ಯಾಥೊಲಿಕ್ ಚರ್ಚು ಆಗ ಫ್ರೆಂಚ್ ಮಿಷನರಿಗಳ ಕೈಯಲ್ಲಿತ್ತು. ಅಷ್ಟರಲ್ಲಿ ಯುರೋಪಿನಲ್ಲಿ ಚಾಸುಬಲ್ ಕಸೂತಿ, ಜರಿ ಹೇರಿಕೊಂಡು ಎಷ್ಟು ಬಿರುಸಾಗಿತ್ತೆಂದರೆ, ಕೈ ಎತ್ತಲು ಅನುವಾಗಲೆಂದು ಎರಡೂ ಬದಿ ಕತ್ತರಿಸುತ್ತಾ ಹೋಗಿ ಅದು ಪಿಟೀಲಿನ ಆಕಾರಕ್ಕೆ ಇಳಿದಿತ್ತು. ಹಳೆಯ ಲ್ಯಾಟಿನ್ ಪೂಜೆಯಲ್ಲಿ ಫಾದರ್ ರೊಟ್ಟಿಯನ್ನು ಮೇಲೆತ್ತುವಾಗ ಹಿಂದೆ ಮಂಡಿಯೂರಿದ ಹುಡುಗ ಚಾಸುಬಲ್‌ನ ಅಂಚನ್ನು ಎತ್ತಿ ಹಿಡಿಯುತ್ತಿದ್ದ. ಬಟ್ಟೆ ಸಣ್ಣದಾದರೂ ಹಿಡಿಯುವ ಪದ್ಧತಿ ಹೋಗಲಿಲ್ಲ!

ಎರಡನೇ ವ್ಯಾಟಿಕನ್ ಸಭೆಯ (1962–65) ನಂತರ ಅಗಲವಾದ ಹಳೆಯ ಆಕಾರವೇ ಮತ್ತೆ ಎಲ್ಲೆಡೆ ಬಳಕೆಗೆ ಬಂತು. ಆ ಬೆನ್ನಿಗೇ ನಮ್ಮವರು ಇನ್ನೊಂದು ಹೆಜ್ಜೆ ಇಟ್ಟರು. ಭಾರತದ ಬಿಷಪ್‌ಗಳು ಕೇಳಿದ್ದ 12 ಬದಲಾವಣೆಗಳಿಗೆ 1969ರ ಏಪ್ರಿಲ್‌ನಲ್ಲಿ ರೋಮ್ ಒಪ್ಪಿತು. ಪಾದರಕ್ಷೆ ಕಳಚುವುದು, ಎಣ್ಣೆ ದೀಪ, ಆರತಿಗಳ ಜೊತೆಗೆ ಸಾದಾ ನಿಲುವಂಗಿಯ ಮೇಲೆ ಅಂಗವಸ್ತ್ರ ಹೊದೆಯುವುದೂ ಅದರಲ್ಲಿತ್ತು. ಬೆಂಗಳೂರಿನಲ್ಲಿರುವ ಎನ್‌ಬಿಸಿಎಲ್‌ಸಿ ಎಂಬ ಕ್ಯಾಥೊಲಿಕ್ ಕೇಂದ್ರದಲ್ಲಿ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಇದನ್ನು ಉತ್ಸಾಹದಿಂದ ಮುಂದಕ್ಕೆ ಒಯ್ದರು. ಇದು ಹಿಂದೂ ವೇಷ ಎಂದು ಕೆಲವರು ಸಿಡಿದೆದ್ದರು. ನನಗನ್ನಿಸುವ ಮಟ್ಟಿಗೆ, ಹೊಲಿಗೆಯಿಲ್ಲದ ಆ ಶಾಲು ಪಿಟೀಲು ಚಾಸುಬಲ್‌ಗಿಂತ ರೋಮಿಗೆ ಹತ್ತಿರ. ರೋಮನ್ನರ ಟೋಗಾ, ಪಾಲಿಯಮ್ ಎರಡೂ ಹೊಲಿಯದೆ ಸುತ್ತಿಕೊಳ್ಳುವ ಬಟ್ಟೆಗಳೇ.

ಚರ್ಚಿನ ಹೊರಗೂ ಹಳೆಯ ರೋಮನ್, ಬೈಜಾಂಟೈನ್ ಉಡುಪನ್ನು ಅಂದಿನ ಕ್ರಮದಲ್ಲೇ ಕೈಯಿಂದ ಹೊಲಿದು ತೊಡುವ ಹವ್ಯಾಸಿಗಳು ಯುರೋಪು, ಅಮೆರಿಕಗಳಲ್ಲಿದ್ದಾರೆ. ಈಜಿಪ್ಟಿನ ಅಖ್ಮೀಮ್‌ನಂಥ ಊರುಗಳ ಸಮಾಧಿಗಳಲ್ಲಿ, ಒಣ ಮರಳಿನಿಂದಾಗಿ ಕೊಳೆಯದೆ ಉಳಿದ ಅಂಗಿಗಳು ಅವರಿಗೆ ಆಧಾರ. ಆ ಅಂಗಿಗಳನ್ನು ನೋಡಿದರೆ ದರ್ಜಿಗೆ ನಿರಾಸೆಯಾದೀತು, ಏಕೆಂದರೆ ಕತ್ತರಿಗೆ ಕೆಲಸವೇ ಇಲ್ಲ. ತೋಳು, ಮೈ ಸೇರಿಸಿ ಶಿಲುಬೆಯಾಕಾರದಲ್ಲಿ ಒಂದೇ ತುಂಡಾಗಿ ಮಗ್ಗದಲ್ಲೇ ನೇಯುತ್ತಿದ್ದರು. ಕೊರಳಿನ ಸೀಳು, ಭುಜದಿಂದ ಇಳಿಯುವ ಬಣ್ಣದ ಪಟ್ಟಿಗಳೂ ನೇಯ್ಗೆಯಲ್ಲೇ ಬರುತ್ತಿದ್ದವು. ಆಮೇಲೆ ಭುಜದ ಮೇಲೆ ಮಡಚಿ, ಎರಡು ಪಕ್ಕ ಹೊಲಿದರೆ ಅಂಗಿ ಸಿದ್ಧ. ಯೇಸುವಿನ ಅಂಗಿಗೆ ಹೊಲಿಗೆಯೇ ಇರಲಿಲ್ಲವೆಂದು, ಅದನ್ನು ಹರಿಯದೆ ಸಿಪಾಯಿಗಳು ಚೀಟು ಹಾಕಿದರೆಂದು ಯೊವಾನ್ನನ ಶುಭಸಂದೇಶ ಹೇಳುತ್ತದೆ. ಫಾದರ್ ತೊಡುವ ಆಲ್ಬ್ ಇಂಥ ರೋಮನ್ ಅಂಗಿಯ ವಂಶದ್ದು.

ಬೈಜಾಂಟೈನರ ಕಾಲಕ್ಕೆ ಸೂಜಿಗೆ ಕೆಲಸ ಹೆಚ್ಚಿತು, ರೇಷ್ಮೆ ಸಾಕಣೆಯೂ ಬಂತು. 552ರ ಸುಮಾರಿಗೆ ಸನ್ಯಾಸಿಗಳು ರೇಷ್ಮೆಹುಳುವಿನ ಮೊಟ್ಟೆಗಳನ್ನು ಜಸ್ಟೀನಿಯನ್‌ಗೆ ತಲುಪಿಸಿದರೆಂದು ಅಂದಿನ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಹಿಪ್ಪುನೇರಳೆ ಬೆಳೆಯುವ ಕೋಲಾರ ಸೀಮೆಯವರಿಗೆ ಆ ಮೊಟ್ಟೆಗಳ ಬೆಲೆ ಬಿಡಿಸಿ ಹೇಳಬೇಕಿಲ್ಲ. ಚಿನ್ನದ ಸಣ್ಣ ಪಟ್ಟಿಯನ್ನು ರೇಷ್ಮೆ ಎಳೆಗೆ ಸುತ್ತಿ ಜರಿ ಮಾಡುತ್ತಿದ್ದರು. ಕಸೂತಿಯಲ್ಲಿ ಅಂಥ ಎಳೆಯನ್ನು ಬಟ್ಟೆಯೊಳಗೆ ತೂರಿಸಿದರೆ ಹರಿದುಹೋಗುತ್ತದೆ. ಹಾಗಾಗಿ ಬಟ್ಟೆಯ ಮೇಲೆ ಮಲಗಿಸಿ, ಬೇರೊಂದು ತೆಳು ದಾರದಿಂದ ಅಲ್ಲಲ್ಲಿ ಪುಟ್ಟ ಹೊಲಿಗೆ ಹಾಕಿ ಕಟ್ಟುತ್ತಾರೆ. ಮದುವೆ ಕುಪ್ಪಸಕ್ಕೆ ಮಗ್ಗಂ ವರ್ಕ್ ಮಾಡುವವರು ಜರ್ದೋಸಿ ಕೂರಿಸುವುದೂ ಹೀಗೆಯೇ. ಬಂಗಾರಪೇಟೆಯಲ್ಲಿ ಈ ಕೆಲಸ ಬಲ್ಲವರಿಗೆ ಬೈಜಾಂಟೈನ್ ಅಂಚಿನ ನಕ್ಷೆಯೊಂದನ್ನು ಕೊಟ್ಟರೆ ಕೈ ತಡವರಿಸಲಾರದು.

ಹೀಗಿದ್ದೂ ಶುಭ ಶುಕ್ರವಾರದ ಶಿಲುಬೆ ಹಾದಿಯ ರೂಪಕಗಳಲ್ಲಿ ನಮ್ಮ ರೋಮನ್ ಸಿಪಾಯಿಗಳು ಮಿರಮಿರ ಮಿಂಚುವ ಕೆಂಪು ಸ್ಯಾಟಿನ್ ಹೊದೆದು, ಚಿನ್ನದ ಕಾಗದ ಅಂಟಿಸಿದ ರಟ್ಟಿನ ಕವಚ ತೊಟ್ಟು ಬರುತ್ತಾರೆ. ಇದು ಸಿನಿಮಾದ ಪ್ರಭಾವ. ನಿಜವಾದ ಸಿಪಾಯಿಯ ಹೊದಿಕೆ ಸಾಗುಮ್ ಒಂದು ಆಯತಾಕಾರದ ಒರಟು ಉಣ್ಣೆ ಬಟ್ಟೆ. ಬಲ ಭುಜದ ಮೇಲೆ ಒಂದು ಪಿನ್ನು ಚುಚ್ಚಿದರೆ ಮುಗಿಯಿತು. ಚಳ್ಳಕೆರೆ ಕಡೆ ಕುರುಬರು ನೇಯುವ ಕಂಬಳಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಒಳಗಿನ ಅಂಗಿಗೆ ಕೈಮಗ್ಗದ ಹತ್ತಿ ನಡೆಯುತ್ತದೆ. ಕೆಂಪು ಸಮುದ್ರದ ರೋಮನ್ ಬಂದರು ಬೆರೆನಿಕೆಯ ಉತ್ಖನನದಲ್ಲಿ ಭಾರತದ ಹತ್ತಿ ಬಟ್ಟೆಯ ತುಂಡುಗಳೇ ಸಿಕ್ಕಿವೆ. ಮುಂದಿನ ಶುಭ ಶುಕ್ರವಾರಕ್ಕೆ ಸ್ಯಾಟಿನ್ ಕೊಳ್ಳುವ ಮುನ್ನ ಒಮ್ಮೆ ಕಂಬಳಿಯ ಬೆಲೆ ವಿಚಾರಿಸಿ ನೋಡಿ.